ಹುಸೇನಮ್ಮನ ಎಂಬತ್ತು ಇಪ್ಪತ್ತು

ನಮ್ಮೂರಿನಲ್ಲಿ ಮರ ಬೆಳೆಯುವುದಿಲ್ಲ. ಒಂದು ಗೇಣು ಅಗೆದರೆ ಬಿಳಿಕಲ್ಲು ಸಿಗುತ್ತದೆ, ಅದರ ಕೆಳಗೆ ಇನ್ನಷ್ಟು ಬಿಳಿಕಲ್ಲು. ಬೆಳಿಗ್ಗೆ ಎಂಟು ಗಂಟೆಯಾಯಿತೆಂದರೆ ಬಿಸಿಲು ಮೇಲಿಂದಲೂ ಸುಡುತ್ತದೆ, ಕೆಳಗಿಂದಲೂ ಸುಡುತ್ತದೆ. ಹಾಗಾಗಿ ನಮ್ಮ ನಮ್ಮ ನೆರಳನ್ನು ನಾವೇ ಊದಿಕೊಳ್ಳುತ್ತೇವೆ. ಮನೆಯಿಂದ ಹೊರಡುವಾಗ ಹೊಸ್ತಿಲಲ್ಲಿ ನಿಂತು ಹಬೆಕೊಳವೆ ಬಾಯಿಗಿಟ್ಟು ನಾಲ್ಕು ಸಲ ಉದ್ದಕ್ಕೆ ಎಳೆದು ಬಿಟ್ಟರೆ ತಲೆಯ ಮೇಲೆ ಒಂದು ಮೋಡ ನಿಲ್ಲುತ್ತದೆ. ನಡೆದರೆ ಅದೂ ನಡೆಯುತ್ತದೆ, ಕೂತರೆ ಕೂರುತ್ತದೆ. ಹೊರಗಿನವರು ಈ ಕೊಳವೆಗೆ ಇ-ಸಿಗರೇಟು ಎನ್ನುತ್ತಾರಂತೆ, ಹೊಗೆಸೊಪ್ಪಿನ ಸಾರ ಹಾಕಿ ಚಟಕ್ಕೆ ಸೇದುತ್ತಾರಂತೆ. ಮೊದಲ ಸಲ ಕೇಳಿದಾಗ ನಮಗೆಲ್ಲ ನಗು ಬಂತು. ಕೊಡೆಯನ್ನು ಚಟಕ್ಕೆ ಹಿಡಿಯುವವರು ಉಂಟೆ?

ಮೋಡ ಇದ್ದಮೇಲೆ ಅದಕ್ಕೊಂದು ರೀತಿ ರಿವಾಜೂ ಇರಬೇಕಲ್ಲ. ಇನ್ನೊಬ್ಬರ ನೆರಳಿಗೆ ಕೇಳದೆ ಕಾಲಿಡಬಾರದು. ಹಿರಿಯರು ಎದುರು ಬಂದರೆ ನಾವು ಓಣಿಯ ಅಂಚಿಗೆ ಸರಿದು ಅವರ ಮೋಡಕ್ಕೆ ದಾರಿ ಬಿಡಬೇಕು. ಮನೆಗೆ ಬಂದವರಿಗೆ ನೀರು ಕೊಡುವ ಮುಂಚೆ ಅವರ ಮೋಡಕ್ಕೆ ಬಾಗಿಲು ಅಗಲ ತೆರೆಯಬೇಕು. ಶಾಲೆಯ ಡ್ರಿಲ್ ಟೀಚರು ಮೂವತ್ತು ಮಕ್ಕಳಿಗೆ ಸಾಲುವ ಮೋಡವನ್ನು ಒಂದೇ ಉಸಿರಿಗೆ ಬಿಡುತ್ತಾರೆ, ಆ ಕೆಲಸ ಅವರಿಗೆ ಸಿಕ್ಕಿದ್ದೇ ಅದಕ್ಕೆ. ಹೊಸದಾಗಿ ಮದುವೆಯಾದವರು ಎರಡು ತಿಂಗಳು ಒಂದೇ ಮೋಡದಡಿ ಓಡಾಡುತ್ತಾರೆ. ಮೂರನೆಯ ತಿಂಗಳು ಎರಡು ಮೋಡ ಕಂಡರೆ ಬೀದಿಯವರು ಏನೂ ಕೇಳುವುದಿಲ್ಲ, ತಮ್ಮ ತಮ್ಮ ಮೋಡದೊಳಗೆ ನಗುತ್ತಾರೆ.

ಮೋಡದ ಗುಣವೆಲ್ಲ ಕೊಳವೆಗೆ ತುಂಬುವ ರಸದಲ್ಲಿದೆ. ರಸಕ್ಕೆ ಎರಡೇ ಮೂಲ. ಒಂದು ಗ್ಲಿಸರಿನ್, ಅದನ್ನು ನಾವು ಮಂದ ಎನ್ನುತ್ತೇವೆ. ಇನ್ನೊಂದು ಗ್ಲೈಕಾಲ್, ಅದು ತೆಳು. ಸೋಂಪಿನದೋ ಲವಂಗದ್ದೋ ಪರಿಮಳವನ್ನು ಹೊತ್ತು ತರುವುದು ತೆಳುವಿನ ಕೆಲಸ, ಮೋಡ ಕಟ್ಟುವುದು ಮಂದದ ಕೆಲಸ. ಮಂದ ಐವತ್ತು, ತೆಳು ಐವತ್ತು ಇದ್ದರೆ ಕಿರಾಣಿ ಅಂಗಡಿಗೆ ಹೋಗಿಬರುವಷ್ಟು ಹೊತ್ತು ಮೋಡ ನಿಂತೀತು. ಅರವತ್ತು ನಲವತ್ತಾದರೆ ಒಂದು ಸಂತೆ ಮುಗಿಸಬಹುದು. ಆದರೆ ಕಲ್ಲುಗಣಿಯಲ್ಲಿ ದುಡಿಯುವವರಿಗೆ ಎಂಬತ್ತು ಇಪ್ಪತ್ತೇ ಬೇಕು. ಸೊಂಟಕ್ಕೆ ಹಗ್ಗ ಬಿಗಿದು ಬಂಡೆಯ ಮೇಲೆ ತೂಗಾಡುತ್ತ ಉಳಿ ಹೊಡೆಯುವವರು ನಡುವೆ ಕೊಳವೆ ಹುಡುಕುವುದಕ್ಕಾಗುತ್ತದೆಯೆ? ಎಂಟಕ್ಕೆ ಬಿಟ್ಟ ಮೋಡ ಎರಡರವರೆಗೆ ಕದಲಬಾರದು. ಹಾಗಂತ ಬರೀ ಮಂದವನ್ನೇ ತುಂಬಿದರೆ ಕೊಳವೆಯೊಳಗಿನ ಬತ್ತಿ ಅದನ್ನು ಹೀರಲಾರದೆ ಸೀದು ಕರಕಲಾಗುತ್ತದೆ. ಎಲ್ಲ ಇರುವುದು ಆ ಪಾಲಿನಲ್ಲಿ.

ಆ ಪಾಲು ಅಳೆಯುವುದು ನನ್ನ ಕೆಲಸ. ನನ್ನ ಹೆಸರು ಪಂಪಾವತಿ, ಊರಿಗೆಲ್ಲ ಅಳತೆ ಪಂಪಕ್ಕ. ಚಾವಡಿಯ ಪಕ್ಕದ ಅಳತೆಕಟ್ಟೆಯಲ್ಲಿ ನನ್ನದೊಂದು ಮೇಜು, ಅದರ ಮೇಲೆ ಎತ್ತರದ ಗಾಜಿನ ಜಾಡಿ, ಜಾಡಿಗೆ ಇಳಿಬಿಡುವ ತೇಲುಗಾಜು. ತೇಲುಗಾಜು ಎಂದರೆ ತಳದಲ್ಲಿ ಸೀಸದ ಗುಂಡು ತುಂಬಿದ, ಮೇಲೆ ಗೆರೆ ಕೊರೆದ ಒಂದು ಕೊಳವೆ. ಮಂದ ಜಾಸ್ತಿ ಇದ್ದರೆ ಅದು ಎದೆಯೆತ್ತಿ ತೇಲುತ್ತದೆ, ಕಡಿಮೆಯಿದ್ದರೆ ನಾಚಿದಂತೆ ಮುಳುಗುತ್ತದೆ. ರಸ ಎಲ್ಲಿಗೆ ಮುಟ್ಟುತ್ತದೋ ಆ ಗೆರೆಯ ಮೇಲಿನ ಅಂಕಿಯೇ ಮಂದದ ಪಾಲು. ಬಿಸಿಯಾದ ರಸ ಹಗುರವಾಗುತ್ತದೆಂದು ಬಿಸಿಲೇರುವ ಮುಂಚೆಯೇ ಅಳೆದು ಮುಗಿಸುತ್ತೇನೆ. ನನಗಿಂತ ಮುಂಚೆ ಮೂವತ್ತೆರಡು ವರ್ಷ ಆ ಮೇಜಿನಲ್ಲಿ ಕೂತಿದ್ದವರು ಈರಣ್ಣ ಮೇಷ್ಟ್ರು. ಕೆಲಸ ಒಪ್ಪಿಸಿಕೊಡುವ ದಿನ ಅವರು ನನಗೆ ಹೇಳಿದ್ದು ಒಂದೇ ಮಾತು. "ಜನರ ಬಾಯಿ ನೋಡಬೇಡಮ್ಮ, ಗಾಜು ನೋಡು. ಗಾಜಿಗೆ ನೆಂಟರಿಲ್ಲ."

ಆ ಮಾತನ್ನು ನಾನು ಮಂತ್ರದ ಹಾಗೆ ಹಿಡಿದುಕೊಂಡಿದ್ದೆ. ಆರು ವರ್ಷ ಯಾರ ಬಾಯಿಯನ್ನೂ ನೋಡಲಿಲ್ಲ.

ಗಣಿಗೆ ಎಂಬತ್ತು ಇಪ್ಪತ್ತು ಮಾಡಿಕೊಡುತ್ತಿದ್ದವಳು ಹುಸೇನಮ್ಮ ಒಬ್ಬಳೇ. ಬೇರೆಯವರು ಮಾಡಿದರೆ ಒಂದೋ ಬತ್ತಿ ಸೀಯುತ್ತಿತ್ತು, ಇಲ್ಲ ಮೋಡ ತೊಟ್ಟಿಕ್ಕುತ್ತಿತ್ತು. ಅವಳಿಗೆ ಅರವತ್ತು ದಾಟಿತ್ತು. ಕುಳ್ಳಗೆ, ದುಂಡಗೆ, ತಲೆಯ ಮೇಲಿನ ಸೆರಗನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು, ಒಲೆ ಮುಂದೆ ಕೂತರೆ ರಾಣಿಯ ಹಾಗೆ ಕೂರುತ್ತಿದ್ದಳು. ಬಾಯಿ ಮಾತ್ರ ಹಸಿಮೆಣಸಿನಕಾಯಿ. ಇನ್ನೊಂದು ವಿಷಯದಲ್ಲೂ ಅವಳು ಹೆಸರುವಾಸಿ. ಸೀಸೆಗೆ ರಸ ತುಂಬಿಸುವಾಗ ಸರಿಯಾಗಿ ಭುಜದವರೆಗೆ, ಅಂದರೆ ಕುತ್ತಿಗೆ ಶುರುವಾಗುವಲ್ಲಿಗೆ, ತುಂಬಿಸಿ ನಿಲ್ಲಿಸುತ್ತಿದ್ದಳು. ಅದಕ್ಕಿಂತ ಒಂದು ಹನಿ ಮೇಲೆ ಬಿದ್ದರೆ ಸೀಸೆ ಓರೆ ಮಾಡಿ ವಾಪಸ್ ಬಗ್ಗಿಸಿಕೊಳ್ಳುತ್ತಿದ್ದಳು. "ಒಂದು ಹನಿ ಹೆಚ್ಚಿಗೆ ಹಾಕಿದರೆ ಏನು ಹೋಗುತ್ತೆ ಹುಸೇನಮ್ಮ" ಎಂದು ಯಾರಾದರೂ ಕೇಳಿದರೆ "ನಿಮ್ಮಪ್ಪನ ಮನೆಯಿಂದ ತಂದಿದ್ದೇನು" ಎನ್ನುತ್ತಿದ್ದಳು. ನನ್ನ ಗಾಜು ಮಾತ್ರ ಅವಳ ರಸದಲ್ಲಿ ಯಾವತ್ತೂ ಎಂಬತ್ತರ ಗೆರೆಗೆ ಬಂದು ನಿಲ್ಲುತ್ತಿತ್ತು. ಅದಕ್ಕೇ ನನಗೆ ಅವಳ ಮೇಲೆ ಒಳಗೊಳಗೇ ಅಭಿಮಾನ. ತೋರಿಸಿಕೊಳ್ಳುತ್ತಿರಲಿಲ್ಲ ಅಷ್ಟೆ.

ಆ ಬೇಸಿಗೆ ಒಂದು ಬೆಳಿಗ್ಗೆ ಗಣಿಯ ಮೇಸ್ತ್ರಿ ಕೊಟ್ರಪ್ಪ ಹತ್ತು ಸೀಸೆ ಬುಟ್ಟಿಯಲ್ಲಿ ಹೊತ್ತುಕೊಂಡು ಬಂದ. ಅವನ ಹಿಂದೆ ಕಲ್ಲು ಹೊಡೆಯುವ ದುರುಗಮ್ಮ, ಬಲಗೈಯನ್ನು ಕುತ್ತಿಗೆಗೆ ತೂಗುಹಾಕಿಕೊಂಡು. ಕೊಟ್ರಪ್ಪ ಆರಡಿ ಎತ್ತರದ ಆಳು, ತನ್ನ ಆಳುಗಳೆಂದರೆ ಪ್ರಾಣ. ಅವತ್ತು ಅವನ ಮುಖ ಕಪ್ಪಿಟ್ಟಿತ್ತು.

"ಪಂಪಕ್ಕ, ಇದನ್ನ ಅಳಿ" ಎಂದ. "ಹದಿನೈದು ದಿನದಿಂದ ನೋಡ್ತಿದ್ದೀನಿ. ಹತ್ತೂವರೆಗೆಲ್ಲ ಮೋಡ ಹರಿದು ಹೋಗ್ತಾವೆ. ನಿನ್ನೆ ಈಕೆ ಹಗ್ಗದ ಮೇಲಿದ್ದಾಗ ಮೋಡ ಮಾಯ. ಕಣ್ಣು ಕತ್ತಲೆ ಬಂದು, ಹಗ್ಗ ಜಾರಿ ಎರಡಾಳು ಎತ್ತರದಿಂದ ಬಿದ್ದಳು. ದೇವರು ದೊಡ್ಡವನು, ಕೈಯಷ್ಟೇ ಹೋಯ್ತು."

"ಕೈ ಹೋಗಿಲ್ಲ, ಉಳುಕಿದೆ" ಎಂದಳು ದುರುಗಮ್ಮ. "ಪಂಪಕ್ಕ, ಇನ್ನೊಂದು ಮಾತು. ಈ ರಸ ಕೊಳವೆಯೊಳಗೆ ಚಟಚಟ ಅಂತದೆ. ಒಗ್ಗರಣೆಗೆ ಸಾಸಿವೆ ಹಾಕಿದ ಹಾಗೆ. ನಾಲಿಗೆಗೆ ಬಿಸಿ ಹನಿ ಸಿಡೀತದೆ. ಮುಂಚೆ ಹಂಗಿರಲಿಲ್ಲ."

"ಅದೆಲ್ಲ ಆಮೇಲೆ" ಎಂದೆ. ಗಾಜು ಇಳಿಬಿಟ್ಟೆ. ಗಾಜು ಮುಳುಗುತ್ತಾ ಹೋಗಿ ಅರವತ್ತೆಂಟರಲ್ಲಿ ನಿಂತಿತು. ಎರಡನೆಯ ಸೀಸೆ, ಅರವತ್ತೆಂಟು. ಮೂರನೆಯದು ಅರವತ್ತೊಂಬತ್ತು. ಹತ್ತನ್ನೂ ಅಳೆದೆ, ಒಂದೂ ಎಪ್ಪತ್ತನ್ನು ಮುಟ್ಟಲಿಲ್ಲ. ಮಂದದ ಜಾಗದಲ್ಲಿ ತೆಳುವನ್ನು ಸುರಿದಿದ್ದಾಳೆ ಎಂದೇ ಅರ್ಥ. ಮಂದ ಕಾಯಿಸಿ ಸೋಸುವುದಕ್ಕೆ ಎರಡು ದಿನ ಬೇಕು, ತೆಳು ಸಿದ್ಧವಾಗಿಯೇ ಸಿಗುತ್ತದೆ. ವಯಸ್ಸಾಯಿತು, ಮೈಗಳ್ಳತನ ಬಂದಿರಬೇಕು ಎಂದುಕೊಂಡೆ. ಗಾಜಿಗೆ ನೆಂಟರಿಲ್ಲ.

ಪಾಲು ತಪ್ಪಿಸಿದವರ ಒಲೆಗೆ ಕೆಂಪು ದಾರ ಕಟ್ಟುವುದು ನಮ್ಮೂರ ಪದ್ಧತಿ. ದಾರ ಬಿದ್ದ ಒಲೆ ಒಂದು ವರ್ಷ ರಸಕ್ಕೆ ಉರಿಯಬಾರದು. ಅದೇ ದಿನ ಹತ್ತು ಗಂಟೆಗೆ ಊರವರ ಮುಂದೆ ನಾನು ಹುಸೇನಮ್ಮನ ಓಣಿಗೆ ಹೋದೆ. ಅವಳು ಅಳಲಿಲ್ಲ, ಜಗಳಕ್ಕೂ ಬರಲಿಲ್ಲ. ಅದೇ ನನಗೆ ಕಷ್ಟವಾಯಿತು.

"ನನ್ನ ಕೈ ತಪ್ಪಿಲ್ಲ" ಎಂದಳು.

"ಗಾಜು ಅರವತ್ತೆಂಟು ತೋರಿಸ್ತಿದೆ ಹುಸೇನಮ್ಮ."

"ನಿನ್ನ ಗಾಜಿಗೆ ಬಾಯಿದೆ ತಾಯಿ. ನನ್ನ ಕೈಗೆ ಇಲ್ಲ. ಕಟ್ಟು." ಹಾಗೆಂದು ಎದ್ದು ನನಗೆ ಜಾಗ ಬಿಟ್ಟಳು. ನಾನು ಒಲೆಯ ಕಂಠಕ್ಕೆ ದಾರ ಸುತ್ತಿ ಗಂಟು ಹಾಕುವಾಗ ಅವಳು ಪಕ್ಕದಲ್ಲೇ ನಿಂತು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಿದ್ದಳು. ಕೈ ಒಣಗಿಯೇ ಇತ್ತು.

ಮುಂದಿನ ವಾರ ಊರಿಗೇ ಚೆನ್ನಾಗಿರಲಿಲ್ಲ. ಬೇರೆಯವರ ಅರವತ್ತು ನಲವತ್ತಿನಲ್ಲಿ ಗಣಿ ನಡೆಯಬೇಕಾಯಿತು. ಗಂಟೆಗೊಮ್ಮೆ ಎಲ್ಲರೂ ಹಗ್ಗದಿಂದ ಕೆಳಗಿಳಿದು, ಊದಿಕೊಂಡು, ಮತ್ತೆ ಹತ್ತಬೇಕು. ಹತ್ತಿ ಇಳಿದು ಮೊಣಕಾಲು ನೋವು ಎಂದು ಅರ್ಧ ಜನ ಮನೆಯಲ್ಲೇ ಉಳಿದರು. ಹುಸೇನಮ್ಮ ಬಾಗಿಲಿಗೆ ಬರುವುದನ್ನೇ ಬಿಟ್ಟಳು. ನಾನು ಆ ಓಣಿಯಲ್ಲಿ ಹೋದರೆ ಹೆಂಗಸರು ತಮ್ಮ ಮೋಡವನ್ನು ನನ್ನಿಂದ ದೂರ ಎಳೆದುಕೊಳ್ಳುತ್ತಿದ್ದರು. ನನ್ನ ಯಜಮಾನರು ಟೈಲರು, ಅವರ ಅಂಗಡಿಗೆ ಬಂದವರು ರವಿಕೆ ಅಳತೆ ಕೊಡುವಾಗ "ನಿಮ್ಮ ಮನೆಯವರ ಅಳತೆ ಬೇಡ, ನಿಮ್ಮದೇ ಸಾಕು" ಎನ್ನುತ್ತಿದ್ದರಂತೆ. ಅವರು ಅದನ್ನು ನನಗೆ ನಗುತ್ತಲೇ ಹೇಳಿದರು, ನಾನೂ ನಕ್ಕೆ, ಆಮೇಲೆ ಊಟ ಸೇರಲಿಲ್ಲ.

ದಾರ ಬಿದ್ದ ರಸ ಎಲ್ಲಿದ್ದರೂ ಅಳತೆಯವರೇ ಹೋಗಿ ನೆಲಕ್ಕೆ ಸುರಿಸಬೇಕು. ಒಂಬತ್ತನೆಯ ದಿನ ಅದಕ್ಕೆಂದು ಗಣಿಯ ಉಗ್ರಾಣಕ್ಕೆ ಹೋದೆ. ತಗಡಿನ ಶೆಡ್ಡು. ಹೊರಗೆ ಕೈಯಿಟ್ಟರೆ ಬೊಬ್ಬೆ ಏಳುವಷ್ಟು ಕಾದಿತ್ತು. ಕೊಟ್ರಪ್ಪ ಬಾಗಿಲು ತೆರೆದ, ಒಳಗಿನಿಂದ ತಣ್ಣನೆಯ ಗಾಳಿ ಮುಖಕ್ಕೆ ಬಂತು.

"ಹೆಂಗಿದೆ?" ಎಂದ ಹೆಮ್ಮೆಯಿಂದ. "ಈ ಬೇಸಿಗೆಯಿಂದ ಮಾಡಿದ್ದು. ದಿನಾ ಬೆಳಿಗ್ಗೆ ನಾಲ್ಕು ಜನ ಒಳಗೆ ನಿಂತು ಗಟ್ಟಿ ಮೋಡ ಬಿಟ್ಟು ಬಾಗಿಲು ಹಾಕಿಬಿಡ್ತೀವಿ. ಕುಡಿಯೋ ನೀರಿನ ಗಡಿಗೆ ಎಲ್ಲ ಇಲ್ಲೇ. ನಲವತ್ತು ಗಡಿಗೆ. ಮಧ್ಯಾಹ್ನ ನೀರು ಮಂಜುಗಡ್ಡೆ ಇದ್ದಂಗಿರ್ತದೆ."

ನಿಜವಾಗಿಯೂ ಹಿತವಾಗಿತ್ತು. ಮೇಲೆ ಮಾಡಿನುದ್ದಕ್ಕೂ ಬೂದುಬಣ್ಣದ ಮೋಡ ಕದಲದೆ ಕೂತಿತ್ತು. ಗೋಡೆಯ ಮೇಲೆ ನೀರು ಬೆವರಿನ ಹಾಗೆ ಇಳಿಯುತ್ತಿತ್ತು. ಒಂದು ಪಕ್ಕ ಗಡಿಗೆಗಳ ಸಾಲು, ಇನ್ನೊಂದು ಪಕ್ಕ ಹಲಗೆಗಳ ಮೇಲೆ ಹುಸೇನಮ್ಮನ ಸೀಸೆಗಳು. ಯಾವುದಕ್ಕೂ ಬಿರಡೆ ಇರಲಿಲ್ಲ. ಬಾಯಿಗೆ ತೆಳ್ಳನೆಯ ಬಟ್ಟೆ ಕಟ್ಟಿತ್ತು.

"ಬಿರಡೆ ಎಲ್ಲಿ?"

"ಹೋದ ವರ್ಷ ಸೆಖೆಗೆ ಬಿರಡೆಗಳು ಪಟಪಟ ಹಾರಿಬಿದ್ದವಲ್ಲ, ಅದಕ್ಕೆ ತೆಗೆಸಿಬಿಟ್ಟೆ. ಬಟ್ಟೆ ಸಾಕು, ಧೂಳು ಬೀಳಲ್ಲ."

ನಾನು ಒಂದು ಸೀಸೆ ಎತ್ತಿಕೊಂಡೆ. ಬಟ್ಟೆ ಬಿಚ್ಚಿ ನೆಲದ ಕಡೆ ಓರೆ ಮಾಡಿದೆ. ಇನ್ನೂ ಪೂರ್ತಿ ಓರೆ ಮಾಡಿರಲಿಲ್ಲ, ಆಗಲೇ ರಸ ನನ್ನ ಹೆಬ್ಬೆರಳ ಮೇಲೆ ಹರಿಯಿತು. ಕೈ ತಡೆಯಿತು. ಸೀಸೆ ನೆಟ್ಟಗೆ ಮಾಡಿ ಬೆಳಕಿಗೆ ಹಿಡಿದೆ. ರಸ ಭುಜದಲ್ಲಿರಲಿಲ್ಲ, ಕುತ್ತಿಗೆ ದಾಟಿ ಬಾಯಿಯವರೆಗೆ ಬಂದಿತ್ತು. ಇನ್ನೊಂದು ಸೀಸೆ ನೋಡಿದೆ, ಅದೂ ಹಾಗೆಯೇ. ಹಲಗೆಯುದ್ದಕ್ಕೂ ನೋಡುತ್ತ ಹೋದೆ. ಎಲ್ಲವೂ ತುಂಬಿ ತುಳುಕುತ್ತಿದ್ದವು. ಅವತ್ತು ಅಳೆದ ಹತ್ತೂ ಹೀಗೇ ಇದ್ದಿರಬೇಕು, ನಾನು ಗಾಜನ್ನಷ್ಟೇ ನೋಡಿದ್ದೆ.

ಹುಸೇನಮ್ಮ ಸೀಸೆಯ ಬಾಯಿಯವರೆಗೆ ರಸ ತುಂಬಿಸಿಕೊಡುವುದೆಂದರೆ ಸೂರ್ಯ ಪಡುವಣದಲ್ಲಿ ಹುಟ್ಟಿದ ಹಾಗೆ. ಮೋಸ ಮಾಡುವವರು ಹೆಚ್ಚಿಗೆ ಯಾಕೆ ಕೊಡುತ್ತಾರೆ? ಹಾಗಾದರೆ ಈ ಹೆಚ್ಚಿನದು ಎಲ್ಲಿಂದ ಬಂತು? ಗೋಡೆಯ ಮೇಲೆ ಇಳಿಯುತ್ತಿದ್ದ ನೀರನ್ನು ನೋಡಿದೆ. ಗಡಿಗೆಗಳನ್ನು ನೋಡಿದೆ. ಗ್ಲಿಸರಿನ್ನಿಗೆ ಒಂದು ಬುದ್ಧಿ ಇದೆ, ಅದು ಗಾಳಿಯಲ್ಲಿರುವ ತೇವವನ್ನು ಕುಡಿಯುತ್ತದೆ. ನಮ್ಮೂರ ಒಣಗಾಳಿಯಲ್ಲಿ ಕುಡಿಯುವುದಕ್ಕೆ ಏನೂ ಇಲ್ಲದೆ ಅದು ಸಂನ್ಯಾಸಿಯ ಹಾಗಿರುತ್ತದೆ, ಆದ್ದರಿಂದ ಆ ಬುದ್ಧಿ ನಮಗೆ ಮರೆತೇಹೋಗಿತ್ತು. ಇಲ್ಲಿ ಎರಡು ತಿಂಗಳು ಬಾಯಿ ತೆರೆದುಕೊಂಡು ಕೂತು ಹೊಟ್ಟೆ ತುಂಬ ಕುಡಿದಿದೆ. ನೀರು ಸೇರಿದರೂ ರಸ ಹಗುರವಾಗುತ್ತದೆ, ತೆಳು ಸೇರಿದರೂ ಹಗುರವಾಗುತ್ತದೆ. ನನ್ನ ಗಾಜಿಗೆ ಎರಡೂ ಒಂದೇ. ಅದು ಸುಳ್ಳು ಹೇಳಿರಲಿಲ್ಲ. ನಾನು ಕೇಳಬೇಕಾದ್ದನ್ನು ಕೇಳಿರಲಿಲ್ಲ.

ಆಗ ದುರುಗಮ್ಮನ ಮಾತು ನೆನಪಾಗಿ ಕಿವಿ ಬಿಸಿಯಾಯಿತು. ತೆಳು ಹೆಚ್ಚಾದರೆ ಕೊಳವೆ ಯಾಕೆ ಚಟಚಟ ಎನ್ನುತ್ತದೆ? ಕಾದದ್ದರ ಮೇಲೆ ಸಿಡಿಯುವುದು ನೀರು. ಅಡುಗೆ ಮಾಡುವ ಯಾವ ಹೆಂಗಸಿಗೂ ಗೊತ್ತಿರುವ ಸಂಗತಿ. ನಾನೂ ದಿನಾ ಅಡುಗೆ ಮಾಡುತ್ತೇನೆ.

"ಏನಾಯ್ತು ಪಂಪಕ್ಕ, ಸುರಿಸಲ್ವಾ?" ಎಂದ ಕೊಟ್ರಪ್ಪ.

"ಇವತ್ತು ಬೇಡ" ಎಂದು ಎರಡು ಸೀಸೆ ಎತ್ತಿಕೊಂಡು ಹೊರಟೆ.

ಊಹೆ ಸರಿಯಿರಬಹುದು, ಆದರೆ ಒಂದು ಸಲ ಅವಸರಪಟ್ಟು ಕೈ ಸುಟ್ಟುಕೊಂಡಿದ್ದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರಲ್ಲ, ಹಾಗೆ ಮೊದಲು ನನ್ನ ಅಡುಗೆಮನೆಯಲ್ಲೇ ನೋಡಿದೆ. ದೊಡ್ಡ ಪಾತ್ರೆಯಲ್ಲಿ ನೀರು ಕುದಿಯಲಿಟ್ಟು, ಅದರ ಮೇಲೆ ಅಗಲವಾದ ತಟ್ಟೆಯಲ್ಲಿ ಉಗ್ರಾಣದ ರಸ ಸುರಿದು, ಬೆಳಗಿನಿಂದ ಸಂಜೆಯವರೆಗೆ ಹಬೆಯ ಮೇಲೆ ಬೆಚ್ಚಗಿಟ್ಟೆ. ನೀರಾದರೆ ಆರಿಹೋಗಬೇಕು, ಮಂದವೂ ತೆಳುವೂ ಅಷ್ಟು ಕಾವಿಗೆ ಅಷ್ಟು ಬೇಗ ಹೋಗುವವಲ್ಲ. ಯಜಮಾನರು ಮಧ್ಯಾಹ್ನ ಊಟಕ್ಕೆ ಬಂದು ಇಣುಕಿ ನೋಡಿ, "ಪಾಯಸವೋ?" ಎಂದರು. ಅನ್ನಕ್ಕೆ ಉಪ್ಪಿನಕಾಯಿ ಕಲಸಿಕೊಂಡು ತಿಂದು ಹೋದರು, ಪಾಪ. ಸಂಜೆ ರಸ ಪೂರ್ತಿ ತಣ್ಣಗಾದ ಮೇಲೆ ಸೀಸೆಗೆ ವಾಪಸ್ ತುಂಬಿದೆ. ಸರಿಯಾಗಿ ಭುಜಕ್ಕೆ ಬಂತು. ಮರುದಿನ ಬೆಳಿಗ್ಗೆ ಗಾಜು ಇಳಿಬಿಟ್ಟೆ. ಎಂಬತ್ತು. ಕೂದಲೆಳೆಯಷ್ಟು ಮೇಲೆಯೇ.

ಉಲ್ಟಾ ದಾರಿಯನ್ನೂ ನೋಡಬೇಕಿತ್ತು. ರಸ ಮಾಡುವ ಪ್ರತಿಯೊಬ್ಬರ ವರ್ಷದ ಮೊದಲ ಸೀಸೆಯನ್ನು ಅರಗು ಹಾಕಿ ಅಳತೆಕಟ್ಟೆಯ ಬೀರುವಿನಲ್ಲಿ ಇಡುತ್ತೇವೆ, ಸಾಕ್ಷಿ ಸೀಸೆ ಅಂತ. ಹುಸೇನಮ್ಮನದನ್ನು ತೆಗೆದು ಅಳೆದೆ, ಎಂಬತ್ತಿತ್ತು. ಅರ್ಧವನ್ನು ಬಿರಡೆ ಹಾಕಿ ನನ್ನ ಮೇಜಿನ ಮೇಲಿಟ್ಟೆ. ಇನ್ನರ್ಧವನ್ನು ಅಗಲವಾದ ಬೋಗುಣಿಯಲ್ಲಿ ಸುರಿದು ಕೊಟ್ರಪ್ಪನ ಉಗ್ರಾಣದಲ್ಲಿಟ್ಟೆ. ಯಾಕೆಂದು ಅವನಿಗೆ ಹೇಳಿದೆ. ಅವನು ಗಡಿಗೆಗಳ ಸಾಲಿನತ್ತ ತಿರುಗಿ ನೋಡಿದ.

"ಅಂದರೆ ದುರುಗಮ್ಮನ್ನ ಬೀಳಿಸಿದ್ದು ನಾನಾ?" ಎಂದ.

"ಮೂರು ದಿನ ತಡಿ, ಗೊತ್ತಾಗುತ್ತೆ. ಆಗಿದ್ದರೂ ನೀನು ನೆರಳು ಮಾಡಕ್ಕೆ ಹೋಗಿದ್ದು, ಬೀಳಿಸೋಕ್ಕಲ್ಲ."

ಮೂರನೆಯ ದಿನ ಬೋಗುಣಿಯ ರಸ ಕಣ್ಣಿಗೆ ಕಾಣುವಷ್ಟು ಏರಿತ್ತು. ಗಾಜು ಅರವತ್ತಾರಕ್ಕೆ ಮುಳುಗಿತು. ಮೇಜಿನ ಮೇಲಿದ್ದ ಅರ್ಧ ಎಂಬತ್ತರಲ್ಲೇ ಇತ್ತು. ನಾನು ಕುರ್ಚಿಯಲ್ಲಿ ಕೂತು ಸುಮ್ಮನೆ ಆ ಅಂಕಿಗಳನ್ನು ನೋಡಿದೆ. ಖುಷಿಯೂ ಆಯಿತು, ನಾಚಿಕೆಯೂ ಆಯಿತು. ಯಾವುದು ಎಷ್ಟು ಪಾಲು ಎಂದು ಅಳೆಯುವ ಗಾಜು ನನ್ನಲ್ಲಿರಲಿಲ್ಲ.

ಕಟ್ಟಿದ ದಾರವನ್ನು ವರ್ಷ ತುಂಬುವ ಮುಂಚೆ ಬಿಚ್ಚಿದ್ದು ನಮ್ಮೂರಿನಲ್ಲಿ ಯಾರೂ ಕಂಡಿರಲಿಲ್ಲ. ಈರಣ್ಣ ಮೇಷ್ಟ್ರ ಹತ್ತಿರ ಹೋದೆ. ಅವರು ಜಗುಲಿಯಲ್ಲಿ ಪಕ್ಕದ ಮನೆಯವರ ಜೊತೆ ಚೌಕಾಬಾರ ಆಡುತ್ತ ಕೂತಿದ್ದರು. ಎಲ್ಲವನ್ನೂ ಕೇಳಿದರು. ಕವಡೆ ಕೈಯಲ್ಲೇ ಉಳಿಯಿತು.

"ನೀರನ್ನ ನಾನೂ ಯೋಚಿಸಿರಲಿಲ್ಲ" ಎಂದರು. "ಆದರೂ ಪಂಪಾವತಿ, ಬಿಚ್ಚಬೇಡ. ವರ್ಷ ಹೆಂಗೋ ಕಳೆಯುತ್ತೆ. ಆಕೆಗೆ ಬೇಕಾದರೆ ಗುಟ್ಟಾಗಿ ತಪ್ಪಾಯ್ತು ಅಂತ ಹೇಳು. ಇವತ್ತು ಬಿಚ್ಚಿದರೆ ನಾಳೆ ನೀನು ಎಂಬತ್ತು ಅಂದರೆ ಯಾರು ನಂಬ್ತಾರೆ? ಅಳತೆಕಟ್ಟೆ ನಿಂತಿರೋದೇ ನಂಬಿಕೆ ಮೇಲೆ."

"ಮೇಷ್ಟ್ರೆ, ಹುಸೇನಮ್ಮನ್ನೂ ಊರು ನಂಬಿತ್ತಲ್ಲ. ಅದನ್ನ ನಾನು ಒಂದೇ ಬೆಳಿಗ್ಗೆ ತೆಗೆದುಬಿಟ್ಟೆ."

ಅವರು ಕವಡೆ ಎಸೆದರು. ಪಕ್ಕದ ಮನೆಯವರು "ನಾಲ್ಕು" ಎಂದರು, ಮೇಷ್ಟ್ರು ಕಾಯಿ ನಡೆಸಲೇ ಇಲ್ಲ. ನಾನು ಕಾಲುಮುಟ್ಟಿ ನಮಸ್ಕಾರ ಮಾಡಿ ಎದ್ದು ಬಂದೆ.

ಅಲ್ಲಿಂದ ನೇರವಾಗಿ ಹುಸೇನಮ್ಮನ ಮನೆಗೆ. ಬಾಗಿಲು ಅರ್ಧ ತೆರೆದಿತ್ತು. ಅವಳು ಒಳಗೆ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದಳು. ನನ್ನನ್ನು ನೋಡಿ ಕೂರು ಎನ್ನಲಿಲ್ಲ, ಹೋಗು ಎಂದೂ ಹೇಳಲಿಲ್ಲ. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಉಗ್ರಾಣ, ಗಡಿಗೆ, ಬಟ್ಟೆ, ತಟ್ಟೆ, ಬೋಗುಣಿ. ಕೊನೆಯಲ್ಲಿ, "ನಿಮ್ಮ ಕೈ ತಪ್ಪಿರಲಿಲ್ಲ. ತಪ್ಪು ನನ್ನದು" ಎಂದೆ. ಸೊಂಟದಿಂದ ಕತ್ತರಿ ತೆಗೆದೆ.

"ಅದನ್ನ ಒಳಗಿಟ್ಕೋ" ಎಂದಳು.

"ದಾರ ಬಿಚ್ಚೋಣ ಅಂತ."

"ಕಟ್ಟುವಾಗ ಊರೆಲ್ಲ ಬಂದಿತ್ತು. ಬಿಚ್ಚೋಕೆ ಒಬ್ಬಳೇ ಬಂದಿದ್ದೀಯಾ?" ಮೊರದಿಂದ ಒಂದು ಕಲ್ಲು ಹೆಕ್ಕಿ ಬಿಸಾಡಿದಳು. "ಹದಿನಾಲ್ಕು ದಿನ ಆಯ್ತು. ಮೊಮ್ಮಗಳು ಇಸ್ಕೂಲಿಂದ ಅಳ್ತಾ ಬಂದಳು, ನಿಮ್ಮಜ್ಜಿ ತೆಳ್ಳಗಿನ ಅಜ್ಜಿ ಅಂತ ಕರೀತಾರಂತೆ. ನನ್ನ ನೋಡಿ ತೆಳ್ಳಗೆ ಅಂತಾರಲ್ಲ, ಕಣ್ಣಾದ್ರೂ ಬೇಡವಾ ಅವಕ್ಕೆ." ನನಗೆ ನಗು ಬಂತು, ತಡೆದುಕೊಂಡೆ. ಅವಳು ನೋಡಿದಳು. ಅವಳ ತುಟಿಯ ಮೂಲೆಯೂ ಸ್ವಲ್ಪ ಅಲುಗಿತು, ಆದರೆ ಮಾತು ಸಡಿಲವಾಗಲಿಲ್ಲ. "ನಾಳೆ ಹತ್ತು ಗಂಟೆ. ಎಲ್ಲರನ್ನೂ ಕರಿ. ಅವತ್ತು ಏನು ಹೇಳಿದೆಯೋ ಅಷ್ಟೇ ಜೋರಾಗಿ ಇದನ್ನೂ ಹೇಳು."

ನಾನೇ ಬೀದಿ ಬೀದಿ ತಿರುಗಿ ಹೇಳಿ ಬಂದೆ. ಜನ ಬರುತ್ತಾರೋ ಇಲ್ಲವೋ ಎಂಬ ಅಳುಕಿತ್ತು. ಮರುದಿನ ನೋಡಿದರೆ ಓಣಿಯಲ್ಲಿ ಕಾಲಿಡಲು ಜಾಗವಿಲ್ಲ. ಗಣಿಯವರೆಲ್ಲ ಬಂದಿದ್ದರು, ಡ್ರಿಲ್ ಟೀಚರು ಮಕ್ಕಳ ಸಾಲು ಕರೆದುಕೊಂಡು ಬಂದಿದ್ದರು, ನಮ್ಮ ಯಜಮಾನರು ಅಂಗಡಿ ಮುಚ್ಚಿ ಬಂದು ಕುತ್ತಿಗೆಗೆ ಟೇಪು ನೇತುಹಾಕಿಕೊಂಡೇ ನಿಂತಿದ್ದರು. ಅಷ್ಟು ಜನರ ಮೋಡಗಳಿಗೆ ಬೇರೆ ಬೇರೆ ನಿಲ್ಲಲು ತಾವೆಲ್ಲಿ? ಒಂದಕ್ಕೊಂದು ತಾಗಿ, ಬೆರೆತು, ಓಣಿಯ ಈ ತುದಿಯಿಂದ ಆ ತುದಿಗೆ ಒಂದೇ ಚಪ್ಪರವಾಯಿತು. ಸೋಂಪು, ಲವಂಗ, ಏಲಕ್ಕಿ ಎಲ್ಲ ಕೂಡಿ ಮದುವೆಮನೆಯ ವಾಸನೆ.

ಜಾಡಿ, ಗಾಜು, ತಟ್ಟೆ ಎಲ್ಲವನ್ನೂ ಹೊತ್ತು ತಂದಿದ್ದೆ. ಮೊದಲು ಮೇಜಿನ ಮೇಲಿದ್ದ ಅರ್ಧವನ್ನು ಅಳೆದು ತೋರಿಸಿದೆ, ಆಮೇಲೆ ಬೋಗುಣಿಯದು. ಮುಂಚೆಯೇ ಹಬೆಯ ಮೇಲಿಟ್ಟು ಆರಿಸಿ ತಣಿಸಿದ್ದ ಉಗ್ರಾಣದ ಇನ್ನೊಂದು ಸೀಸೆಯನ್ನು ಕೊನೆಯಲ್ಲಿ ಅಳೆದೆ. ಅವತ್ತು ಹೇಳಿದಷ್ಟೇ ಜೋರಾಗಿ ಹೇಳಿದೆ. "ಹುಸೇನಮ್ಮ ಪಾಲು ತಪ್ಪಿಸಿಲ್ಲ. ರಸ ನೀರು ಕುಡಿದಿತ್ತು. ಅದನ್ನ ನೋಡದೆ ದಾರ ಕಟ್ಟಿದ್ದು ನಾನು. ದುರುಗಮ್ಮ ಅವತ್ತೇ ಹೇಳಿದ್ದಳು, ನಾನು ಕಿವಿಗೆ ಹಾಕಿಕೊಳ್ಳಲಿಲ್ಲ."

ಆಗ ಕೊಟ್ರಪ್ಪ ತನ್ನ ಆರಡಿ ಮೈಯನ್ನು ಮುದುರಿಕೊಂಡು ಮುಂದೆ ಬಂದ. "ಬಿರಡೆ ತೆಗೆಸಿದ್ದು ನಾನು. ಗಡಿಗೆ ಇಡಿಸಿದ್ದೂ ನಾನೇ" ಎಂದ. ದುರುಗಮ್ಮನ ಕಡೆ ತಿರುಗಿ, "ನಿನ್ನ ಕೈ ಸರಿಯಾಗೋವರೆಗೂ ನಿನ್ನ ಪಾಲಿನ ಕಲ್ಲು ನಾನು ಹೊಡೀತೀನಿ" ಎಂದ.

"ನೀನು ಹೊಡೆದ ಕಲ್ಲು ಯಾರು ತಗೋತಾರೆ" ಎಂದಳು ದುರುಗಮ್ಮ. "ಉಳಿ ಬಿಟ್ಟು ಹತ್ತು ವರ್ಷ ಆಯ್ತು ನೀನು. ನೀರು ಹೊತ್ಕೊಂಡು ಬಾ, ಸಾಕು." ಗಣಿಯವರು ನಕ್ಕರು. ಅದರಿಂದ ಓಣಿಯ ಬಿಗಿ ಸಡಿಲವಾಯಿತು.

ನಾನು ಒಲೆಯ ಮುಂದೆ ಮಂಡಿಯೂರಿ ಕೂತೆ. ಗಂಟು ಬಿಗಿಯಾಗಿ ಹಾಕಿದ್ದೆ. ಕತ್ತರಿಸುವುದಕ್ಕೆ ಮನಸ್ಸಾಗದೆ ಉಗುರಿನಿಂದಲೇ ಬಿಚ್ಚುತ್ತಿದ್ದೆ, ಅದು ಬೇಗ ಬರಲಿಲ್ಲ. ಪಕ್ಕದಲ್ಲಿ ಯಾರೋ ಕೂತ ಸದ್ದಾಯಿತು. ಈರಣ್ಣ ಮೇಷ್ಟ್ರು. ಕನ್ನಡಕ ಸರಿಮಾಡಿಕೊಂಡು ದಾರದ ಇನ್ನೊಂದು ತುದಿಯನ್ನು ಹಿಡಿದು ಮೆಲ್ಲಗೆ ಎಳೆದರು. ಗಂಟು ಬಿಟ್ಟಿತು. ಅವರು ನನ್ನ ಮುಖ ನೋಡಲಿಲ್ಲ. ಹುಸೇನಮ್ಮನಿಗೆ ಕೈಮುಗಿದು ಎದ್ದು ಹೋದರು.

ಹುಸೇನಮ್ಮ ಸೆರಗು ಕಿವಿಯ ಹಿಂದೆ ಸಿಕ್ಕಿಸಿಕೊಂಡು ಕೂತಳು. ಒಲೆ ಹೊತ್ತಿಸಿದಳು. ಕಡಾಯಿ ಬೆಚ್ಚಗಾದ ಮೇಲೆ ಹಿತ್ತಾಳೆಯ ಸೌಟಿನಲ್ಲಿ ಮಂದ ಅಳೆದು ಹಾಕತೊಡಗಿದಳು. ಒಂದು, ಎರಡು, ಮೂರು. ಎಂಟು ಸೌಟು ಮಂದ, ಎರಡು ಸೌಟು ತೆಳು, ಅವಳ ಲೆಕ್ಕ ಅಷ್ಟೇ ಸರಳ. ಇಡೀ ಓಣಿ ನೋಡುತ್ತಿತ್ತು. ನಾನು ಪಕ್ಕದಲ್ಲಿ ನಿಂತಿದ್ದೆ. ರಸ ಜೇನಿನ ಹಾಗೆ ಸೌಟಿನಿಂದ ಇಳಿಯುತ್ತಿತ್ತು, ನನ್ನ ಕಣ್ಣು ತುಂಬಿಕೊಂಡು ಎಲ್ಲ ಮಬ್ಬು ಮಬ್ಬಾಗಿ ಕಾಣುತ್ತಿತ್ತು.

ಅವಳ ಸೌಟು ನಡುವೆ ನಿಂತಿತು. "ಅಳತೆಯಮ್ಮ" ಎಂದಳು ಎಲ್ಲರಿಗೂ ಕೇಳುವ ಹಾಗೆ, "ಮಾತಿನ ಭರದಲ್ಲಿ ಮರೆತೆ. ಎಷ್ಟಾಯ್ತು, ಆರೋ ಏಳೋ?"

ಅವಳು ಮಾತೇ ಆಡಿರಲಿಲ್ಲ. ನಾನು ಕಡಾಯಿ ನೋಡಿದೆ, ಅವಳ ಮುಖ ನೋಡಿದೆ. ಆರು ವರ್ಷ ಅಳತೆಕಟ್ಟೆಯಲ್ಲಿ ಕೂತು ಒಂದು ದಿನವೂ ಆಡದ ಮಾತು ಬಾಯಿಗೆ ಬಂತು.

"ನನಗೆ ಗೊತ್ತಿಲ್ಲ ಹುಸೇನಮ್ಮ" ಎಂದೆ.

ಮೊದಲು ಮಕ್ಕಳು ನಕ್ಕರು, ಆಮೇಲೆ ಗಣಿಯವರು, ಆಮೇಲೆ ಇಡೀ ಓಣಿ. ಹುಸೇನಮ್ಮ ಹೊಟ್ಟೆ ಕುಲುಕಿಸಿಕೊಂಡು ನಕ್ಕಳು. ಕಡಾಯಿಯಲ್ಲಿದ್ದುದನ್ನೆಲ್ಲ ಪಾತ್ರೆಗೆ ಬಗ್ಗಿಸಿ, ಸೌಟನ್ನು ನನ್ನ ಕೈಗೆ ಕೊಟ್ಟು, ತಾನು ಕೂತಿದ್ದ ಮಣೆಯ ಮೇಲೆ ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಮಾಡಿದಳು.

"ಕೂರು" ಎಂದಳು. "ಒಂದರಿಂದ ಎಣಿಸು. ನಾನು ನೋಡ್ತಿರ್ತೀನಿ."